ಹುಲಿಯಮ್ಮ ನಿಲ್ಲಿಸಿದ ಗಿರಣಿಯ ನಾಯಿ

ಎತ್ತರ ಐದು ಅಡಿಗೆ ಎರಡು ಬೆರಳು ಕಡಿಮೆ. ತೂಕ ನಾಲ್ಕು ಮಣ ತುಂಬೀತು ಎಂದರೆ ತಕ್ಕಡಿಗೇ ನಾಚಿಕೆಯಾದೀತು; ಅದರಲ್ಲೂ ಅರ್ಧ ಮಣ ಹೆಗಲ ಕಂಬಳಿ ಮತ್ತು ಬಾಯಿ. ಸೀರೆಗೆ ಎರಡು ಕಡೆ ತೇಪೆ, ಮಾತಿಗೆ ಒಂದೂ ಇಲ್ಲ. ಮೆಟ್ಟಿಲೇರುವ ಗಿರಾಕಿಯನ್ನು ಹೀಗೆ ಕಣ್ಣಲ್ಲೇ ತೂಗಿ, ಚೀಲದ ಮೇಲಿನ ಮಾಲು ತೋರಿಸಬೇಕೋ ತಳದ್ದೋ ಎಂದು ತೀರ್ಮಾನಿಸುವುದು ನಮ್ಮಂಥ ದಿನಸಿ ಅಂಗಡಿಯವರ ಕಸುಬು. ಸೊರಬ ಸೀಮೆಯ ಕುಬಟೂರಿನಿಂದ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಶಿಕಾರಿಪುರದ ಸಂತೆಗೆ ಕಂಬಳಿ ಮಾರಲು ಬರುತ್ತಿದ್ದ ಹುಲಿಯಮ್ಮನನ್ನು ನಾನು ಚೀಲದ ತಳದ ಗಿರಾಕಿ ಎಂದೇ ಎಣಿಸಿದ್ದೆ. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಅಷ್ಟು ತಪ್ಪು ತೂಕ ಇನ್ನೊಮ್ಮೆ ತೂಗಿಲ್ಲ.

ಸೇರು ಹೋಗಿ ಕಿಲೋ ಬರುತ್ತದಂತೆ ಎಂದು ಪೇಟೆಯೆಲ್ಲ ಗೊಣಗುತ್ತಿದ್ದ ವರ್ಷ ಅದು. ಅಕ್ಕಿ ಗಿರಣಿಯ ಪರಮಶಿವಪ್ಪನವರು ಸಂಕ್ರಾಂತಿಯ ಹೊತ್ತಿಗೆ ಚಿಕ್ಕಮಗಳೂರಿನ ಕಾಫಿ ತೋಟವೊಂದರಿಂದ ನಾಯಿಮರಿ ತಂದರು. ಗ್ರೇಟ್ ಡೇನ್ ಎಂಬ ಜಾತಿ. ಬೆಳೆದರೆ ಕರುವಿನ ಎತ್ತರ. ಜೊತೆಗೆ ತೋಟದ ಸಾಹೇಬರು ಒಂದು ಚೀಟಿ ಕೊಟ್ಟಿದ್ದರು: ಮಾಂಸ, ಎಲುಬು, ಮೊಟ್ಟೆ, ಮೀನೆಣ್ಣೆ. ಪರಮಶಿವಪ್ಪನವರ ಮನೆಯಲ್ಲಿ ಸೋಮವಾರ ಈರುಳ್ಳಿಗೂ ರಜ. ಚೀಟಿ ಓದಿ ಹರಿದು ಹಾಕಿ, ನೆಟ್ಟಗೆ ನನ್ನ ಅಂಗಡಿಗೆ ಬಂದರು.

"ನಮ್ಮನೇಲಿ ಇದ್ದಮೇಲೆ ನಮ್ಮಂಗೇ ತಿನ್ಲಿ ಕಣ್ರೀ. ಅಕ್ಕಿ ನಮ್ಮ ಗಿರಣೀದೇ ಐತಿ, ಮಲ್ಲಿಗೆ ಹಂಗೆ ತೀಡಿಸಿದ್ದು. ಮಿಕ್ಕಿದ್ದು ನೀವು ಕೊಡ್ರಿ. ದುಡ್ಡಿನ ಮಾತು ಬ್ಯಾಡ."

ದುಡ್ಡಿನ ಮಾತು ಬೇಡ ಎಂದ ಗಿರಾಕಿಗೆ ವ್ಯಾಪಾರಿ ಏನು ಕೊಡುತ್ತಾನೋ ಅದನ್ನೇ ಕೊಟ್ಟೆ. ಬಿಸ್ಕತ್ತು, ಹಾಲಿನ ಪುಡಿಯ ಡಬ್ಬಿ, ತುಪ್ಪ.

"ದೊಡ್ಡ ಜಾತಿಗೆ ಇದು ಸರಿ ಹೋಗತ್ತೇನ್ರೀ?"

"ಇದೇ ಸರಿ," ಎಂದೆ. ನಾಯಿಯ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದಕ್ಕೆ ನಾಲ್ಕು ಕಾಲು ಎಂಬುದಷ್ಟೇ.

ಆ ನಾಲ್ಕರಲ್ಲಿ ಮುಂದಿನ ಎರಡು ಯುಗಾದಿಯ ಹೊತ್ತಿಗೆ ಬಿಲ್ಲಿನಂತೆ ಬಾಗಿದವು. ಮರಿ ಮಾತ್ರ ಹಂಡೆಯಂತೆ ಊದಿತ್ತು. ಊರವರ ಕಣ್ಣು ಬೀಳುತ್ತದೆಂದು ಅದನ್ನು ಗಿರಣಿಯ ಉಗ್ರಾಣದಲ್ಲಿ ಕೂಡಿ ಹಾಕಿದ್ದರು. ಮೂರು ತಿಂಗಳು ಅದು ಬಿಸಿಲನ್ನೇ ಕಂಡಿರಲಿಲ್ಲ. ಒಂದು ಸಂತೆಯ ದಿನ ಪರಮಶಿವಪ್ಪನವರು ಹಮಾಲಿಯ ತೋಳಿನಲ್ಲಿ ಅದನ್ನು ಹೊರಿಸಿಕೊಂಡು ಬಂದು ನನ್ನ ಜಗಲಿಯ ಮೇಲೆ ಇಳಿಸಿದರು. ಅದು ಎದ್ದು ನಿಲ್ಲಲು ನೋಡಿತು, ಮುಂಗಾಲು ಜಾರಿ ಗಲ್ಲ ಕಲ್ಲಿಗೆ ಬಡಿಯಿತು.

"ಖೋಟಾ ಮಾಲು ದಾಟಿಸಿದಾನೆ ಆ ತೋಟದೋನು. ಬೇಕಾದೋರು ಒಯ್ಕಳ್ರಿ. ಇಲ್ಲಾಂದ್ರೆ ಸಂಜೆಗೆ ಗುಂಡು ಹೊಡಿಸ್ತೀನಿ."

ಉಪ್ಪಿಗೂ ಹಿಂಡಿಗೂ ಬಂದಿದ್ದ ಹುಲಿಯಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು ಮರಿಯ ಮುಂಗಾಲನ್ನು ಮೇಲಿಂದ ಕೆಳಗೆ ಒತ್ತಿ ನೋಡಿದಳು. ಗೆಣ್ಣು ಮುಟ್ಟಿದಾಗ ಅದು ಕುಂಯ್ ಎಂದಿತು.

"ಏನು ಹಾಕ್ತಿದ್ರಿ ಸಾವ್ಕಾರ್ರೆ ಇದಕ್ಕೆ?"

ಅವರು ಜಂಬದಿಂದಲೇ ಒಂದೊಂದಾಗಿ ಹೇಳಿದರು.

"ಒಂದು ಎಲುಬಿಲ್ಲ? ಒಂದು ಹಿಡಿ ರಾಗಿ ಇಲ್ಲ? ಥೂ! ದೊಡ್ಡ ಜಾತಿ ಮರಿಗೆ ಮೊದ್ಲು ಕಂಬ ನೆಡಬೇಕು, ಆಮ್ಯಾಲೆ ಸೂರು. ನೀವು ಕಂಬಾನೇ ನೆಡದೆ ಹೆಂಚು ಹೊದಿಸೀರಿ. ಬೀಳದೆ ಇನ್ನೇನಾಗತ್ತೆ?"

"ಅಂಥಾದ್ದೆಲ್ಲ ನಮ್ಮ ಹೊಸ್ತಿಲು ದಾಟಂಗಿಲ್ಲಮ್ಮ."

"ನಾಯಿ ದಾಟ್ತಲ್ಲ? ಹೊಟ್ಟೇನ ಬೀದೀಲಿ ಬಿಟ್ಟು ದಾಟ್ತಾ? ಈ ಡಬ್ಬಿ ಕೊಟ್ಟ ಪುಣ್ಯಾತ್ಮ ಯಾರು?"

ಪರಮಶಿವಪ್ಪನವರ ಬೆರಳು ನನ್ನ ಕಡೆ ತಿರುಗಿತು. ನಾನು ಹಿಂಡಿ ತೂಗುವುದರಲ್ಲಿ ಮುಳುಗಿದೆ.

"ಗೊತ್ತಿಲ್ಲ ಅಂದಿದ್ರೆ ನಾಲಿಗೆ ಸವೀತಿತ್ತೇನಣ್ಣಾ?" ಎಂದಳು. ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತು ಹೊರಟಳು. ಕಂಡಕ್ಟರು ಕೂಸಿಗೆ ಅರ್ಧ ಟಿಕೀಟು ಕೇಳಿದನಂತೆ.

ಬಸವ ಜಯಂತಿ ಕಳೆದ ಮೇಲೆ ಕುಪ್ಪಗಡ್ಡೆಗೆ ಭತ್ತ ನೋಡಲು ಹೋದವನು ಕುಬಟೂರಿಗೂ ಹೋದೆ. ಮರಿ ಸತ್ತಿದ್ದರೆ ಆ ಸುದ್ದಿ ನನ್ನ ಕಿವಿಗೇ ಮೊದಲು ಬೀಳಲಿ ಎಂಬ ಲೆಕ್ಕ. ಅದು ಕುರಿದೊಡ್ಡಿಯ ಮುಂದೆ ಎಳೆಬಿಸಿಲಲ್ಲಿ ಬಿದ್ದುಕೊಂಡಿತ್ತು. ಸೊರಗಿದಂತೆ ಕಂಡಿತು. ಹಾಗೆಂದು ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಸೊರಗಿಲ್ಲ, ಬೊಜ್ಜು ಇಳಿದೈತೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಅದು ಕೇಳಿದಷ್ಟು ಹಾಕಬಾರದಣ್ಣ, ಕಾಲು ಹೊರೋವಷ್ಟು ಹಾಕಬೇಕು."

ದಿನಕ್ಕೆ ಮೂರು ಸಲ, ಸ್ವಲ್ಪಸ್ವಲ್ಪ. ಕುರಿಹಾಲು ಬೆರೆಸಿದ ರಾಗಿ ಅಂಬಲಿ. ಆನವಟ್ಟಿಯ ಕಸಾಯಿ ಬಿಸಾಡುವ ಶ್ವಾಸಕೋಶದ ಚೂರು. ಎದೆಗೂಡಿನ ಮೆದು ಎಲುಬನ್ನು ಹಸಿಯಾಗಿಯೇ ಚಪ್ಪಡಿ ಕಲ್ಲಿನ ಮೇಲೆ ಜಜ್ಜಿ ಜಜ್ಜಿ ಹಿಟ್ಟಿನಂತೆ ಮಾಡುತ್ತಿದ್ದಳು. ಬೇಯಿಸಿದರೆ ಸಿಗುರೆದ್ದು ಗಂಟಲಿಗೆ ಚುಚ್ಚುತ್ತದಂತೆ. ಇಡೀ ದಿನದ ಊಟ ನನ್ನ ಒಂದು ಬಿಸ್ಕತ್ತು ಪೊಟ್ಟಣದ ಕಾಲುಭಾಗದ ಬೆಲೆಯೂ ಆಗುತ್ತಿರಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಕೇಳಬೇಡಿ.

"ನನ್ನ ಮುದ್ದೆ ಸಣ್ಣದಾಗೈತೆ, ಅವನ ಬಟ್ಟಲು ದೊಡ್ಡದಾಗೈತೆ," ಎಂದು ಗಂಡ ಉಜ್ಜಪ್ಪ ಗೊಣಗಿದ.

"ನೀನು ಬೆಳೆಯೋದು ನಿಲ್ಸಿ ನಲವತ್ತು ವರ್ಷಾತು, ಸುಮ್ನಿರು," ಎಂದಳು.

ಮರುವರ್ಷ ಸಂಕ್ರಾಂತಿಗೆ, ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ನಿಲ್ಲಿಸಿ ತರುಬಲು ಅವರ ಹಿಂಡು ನಮ್ಮೂರ ಕಡೆ ಬಂತು. ಹುಲಿಯಮ್ಮ ಸಂತೆಗೆ ಬಂದಳು. ಹಿಂದೆ ಅವಳ ಸೊಂಟ ಮೀರಿದ ಕೆಂಚು ನಾಯಿ, ನಾಲ್ಕೂ ಕಾಲು ಕಂಬದ ಹಾಗೆ ನೆಟ್ಟಗೆ. ಪೇಟೆ ವ್ಯಾಪಾರ ಬಿಟ್ಟು ನೋಡಿತು. ಪರಮಶಿವಪ್ಪನವರು ಸರಪಳಿ ಸಮೇತ ಬಂದರು.

"ಬುನಾದಿ ನಂದು ಕಣಮ್ಮ. ಮೂರು ತಿಂಗ್ಳು ಹಾಲು ತುಪ್ಪ ಹೊಯ್ದೀನಿ. ಕೂಲಿ ಏನಾತು ಹೇಳು, ನಾಯಿ ಬಿಡು." ನನ್ನ ಕಡೆ ತಿರುಗಿದರು. "ನೀವೇ ಹೇಳ್ರಿ. ನಿಮ್ಮ ಮಾಲಿಂದಾನೇ ಅಲ್ವೇನ್ರಿ ಇದು ಹಿಂಗಾಗಿದ್ದು?"

ಗುಂಡು ಹೊಡಿಸುತ್ತೇನೆ ಎಂದ ಮಾತು ನನ್ನ ಜಗಲಿಯ ಮೇಲೆಯೇ ಆಡಿದ್ದು. ಬೇಕಾದೋರು ಒಯ್ಕಳ್ರಿ ಎಂದದ್ದೂ ಅಲ್ಲೇ. ಸಂತೆಗೆ ಸಂತೆಯೇ ನನ್ನ ಬಾಯಿ ನೋಡುತ್ತಿತ್ತು.

"ಮಾಲೇನೋ ಒಳ್ಳೇದೇ ಇತ್ತು," ಎಂದೆ.

ಹುಲಿಯಮ್ಮ ನನ್ನತ್ತ ಒಮ್ಮೆ ನೋಡಿದಳು. ತಪ್ಪು ಕಲ್ಲಿಟ್ಟು ತೂಗಿದವನನ್ನು ಗಿರಾಕಿ ನೋಡುವ ನೋಟ. ಆಮೇಲೆ ನಾಯಿಯ ಕೊರಳ ಹಗ್ಗವನ್ನೇ ಅವರ ಮುಂದೆ ಚಾಚಿದಳು.

"ತಗಳ್ರಿ ಸಾವ್ಕಾರ್ರೆ. ಒಂದೇ ಮಾತು ಹೇಳಿ ಒಯ್ಯಿರಿ. ಇವನಿಗೆ ಇನ್ನೂ ಆರು ತಿಂಗ್ಳು ಎಲುಬು ಬೇಕು. ನಿಮ್ಮನೇಲಿ ಯಾವ ಕಲ್ಲಿನ ಮ್ಯಾಲೆ ಜಜ್ಜಿಸ್ತೀರಿ? ಚಟ್ನಿ ಅರೆಯೋ ಕಲ್ಲಿನ ಮ್ಯಾಲೋ, ಬ್ಯಾರೆ ಕಲ್ಲು ತರಿಸ್ತೀರೋ?"

ಸುತ್ತ ನಿಂತವರಲ್ಲಿ ಅವರ ಬೀಗರಿದ್ದರು, ಮಠಕ್ಕೆ ನಡೆದುಕೊಳ್ಳುವ ಹಿರಿಯರಿದ್ದರು. ಯಾರೋ ಕಿಸಕ್ಕೆಂದರು.

"ಅದು... ಹಾಲು ಅನ್ನ..."

"ಹಂಗಾದ್ರೆ ಕೊಡಾಕಿಲ್ಲ." ಹಗ್ಗ ಕೈಗೆ ಸುತ್ತಿಕೊಂಡಳು.

ಪರಮಶಿವಪ್ಪನವರು ಸರಪಳಿಯನ್ನು ಪಂಚೆಯ ಮರೆಗೆ ಸರಿಸಿಕೊಂಡು ಗಿರಣಿಯ ದಾರಿ ಹಿಡಿದರು. ಹುಲಿಯಮ್ಮ ನನ್ನ ಮುಂದೆ ಬಂದು ಎರಡು ಸೇರು ಉಪ್ಪು ಕೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅದಾದ ವಾರ ನಾಯಿ ಸಾಕುವ ಮೂವರು ನನ್ನ ಅಂಗಡಿಗೆ ಹಾಲಿನ ಪುಡಿ ಕೇಳಿಕೊಂಡು ಬಂದರು. ನಾಚಿಕೆಯಿಲ್ಲದೆ ಮಾರಿದೆ.

ಆ ಮರಿಯ ಕಾಲು ಬಾಗಿದ್ದು ಪರಮಶಿವಪ್ಪನವರ ಮಡಿಯಿಂದ, ಮತ್ತು ತಿಳಿಯದೆ ತಿಳಿದವನಂತೆ ನಾನು ಆಡಿದ ಮಾತಿನಿಂದ. ನೆಟ್ಟಗಾದದ್ದು ಹುಲಿಯಮ್ಮನ ರಾಗಿ, ಎಲುಬು, ಬಿಸಿಲಿನಿಂದ. ಸಂತೆಯಲ್ಲಿ ಎಲ್ಲರೆದುರು ಈ ಮಾತನ್ನು ಹೇಳುವುದು ನಾನು ಆಕೆಗೆ ಸಲ್ಲಿಸಬೇಕಾದದ್ದು. ಇನ್ನೂ ಸಲ್ಲಿಸಿಲ್ಲ.