ಮಗಳ ಅಳತೆಯ ಬೆಂಚು

ಈರಣ್ಣನವರ ಮನೆಯಲ್ಲಿ ಜೇಡವನ್ನೂ ಕೊಲ್ಲುವಂತಿರಲಿಲ್ಲ. ಲೋಟ ಕವುಚಿ, ಕೆಳಗೆ ಕಾಗದ ತೂರಿಸಿ, ಹಿತ್ತಲಿಗೆ ಬಿಟ್ಟು ಬರುತ್ತಿದ್ದರು. ಅದೇ ಮನುಷ್ಯ ಭಾನುವಾರ ಬಂತೆಂದರೆ ರೈಫಲ್ ಕಾರಿನಲ್ಲಿಟ್ಟುಕೊಂಡು, ಮಗಳು ಗಂಗಾಳನ್ನೂ ಕರೆದುಕೊಂಡು ಶೂಟಿಂಗ್ ಕ್ಲಬ್ಬಿಗೆ ಹೊರಡುತ್ತಿದ್ದರು. ಕಾಗದದ ಗುರಿ ಬಿಟ್ಟು ಬೇರೆ ಯಾವುದಕ್ಕೂ ಗುಂಡು ಹೊಡೆದವರಲ್ಲ.

ಬೆಳಗಾವಿಯಲ್ಲಿ ಲೇತ್ ಕೆಲಸ ಕಲಿತು, ಇಲ್ಲಿ, ಈ ಪರದೇಶದ ಊರಾದ ಲೋವರ್ ಹಟ್‌ನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಕೆಡವಿದ ಮನೆಗಳ ಮರ ಕೊಂಡು ಮಾರುವುದು ನನ್ನ ಕಸುಬು. ನಮ್ಮ ಸ್ನೇಹ ಚೌಕಾಸಿಯಲ್ಲೇ ಹುಟ್ಟಿದ್ದು. ನಾನು ಯಾವುದಾದರೂ ಹಲಗೆಯನ್ನು ಅತಿಯಾಗಿ ಹೊಗಳಿದರೆ ಮಾತ್ರ ನನ್ನನ್ನು 'ಸಾವ್ಕಾರ್ರ' ಎನ್ನುತ್ತಿದ್ದರು.

ಹತ್ತು ವರ್ಷದ ಮೇಲಾಯಿತು. ಆ ಚಳಿಗಾಲ ಡಾಕ್ಟರು, ಈರಣ್ಣನವರ ಶ್ವಾಸಕೋಶದ ಗಡ್ಡೆ ಕೈಮೀರಿದೆ ಎಂದರು. ಸ್ವಲ್ಪ ದಿನಕ್ಕೇ ಈರಣ್ಣ ನನ್ನ ಯಾರ್ಡಿಗೆ ಬಂದು ಕೆಲಸದ ಬೆಂಚಿಗೆ ಮರ ಕೇಳಿದರು. ಹಾರಿಸಿದ ತೋಟಾಗಳ ಹಿತ್ತಾಳೆ ಕೊಳವೆಗೆ ಮತ್ತೆ ಮದ್ದು ಗುಂಡು ತುಂಬಿಸುವ ಕೈಪ್ರೆಸ್ಸು ಅವರಲ್ಲಿತ್ತು. ಅದನ್ನು ಬಿಗಿದಿದ್ದ ಹಳೆಯ ಮೇಜು, ಹಿಡಿಕೆ ಎಳೆದಾಗಲೆಲ್ಲ ಹಿಂಗಾಲೆತ್ತುತ್ತಿತ್ತು. ಅವರು ಮೊಣಕಾಲು ಒತ್ತಿ ಅದನ್ನು ಹಿಡಿದಿಡುತ್ತಿದ್ದರು. ಪೈನ್ ಮರ ಸಾಕು, ಅಗ್ಗವೂ ಹೌದು ಎಂದು ಹೊಗಳಿದೆ.

"ಸಾವ್ಕಾರ್ರ, ದಪ್ಪಂದು ಕೊಡ್ರಿ. ಹಿಡಿಕಿ ಜಗ್ಗಿದ್ರ ಬೆಂಚು ಉಸುರು ಸೈತ ಬಿಡಬಾರ್ದು."

ಹಳೆಯ ಮನೆಯೊಂದರ ರಿಮು ಎಂಬ ಇಲ್ಲಿನ ಮರದ ದಪ್ಪ ತೊಲೆಗಳನ್ನು ಕೊಟ್ಟು, ಕೆಲಸಕ್ಕೂ ನಿಂತೆ. ಬೆಂಚು ಮಾಡುವವರು ಇಷ್ಟು ನೆನಪಿಡಿ: ಮೇಲ್ಹಲಗೆ ಎಷ್ಟೇ ದಪ್ಪವಿರಲಿ, ಕಾಲುಗಳಿಗೆ ಓರೆಪಟ್ಟಿ ಇಲ್ಲದಿದ್ದರೆ ಅದು ಉಯ್ಯಾಲೆಯೇ. ಬೆಂಚನ್ನು ಗೋಡೆಗೆ ಬಿಗಿಯುವಾಗ ಬರೀ ತೆಳು ಹಲಗೆಗೆ ಸ್ಕ್ರೂ ಹಾಕಿ ಪ್ರಯೋಜನವಿಲ್ಲ, ಒಳಗಿನ ಮರದ ಕಂಬ ಹುಡುಕಿ ಬೋಲ್ಟ್ ಬಿಗಿಯಿರಿ. ಪ್ರೆಸ್ಸನ್ನು ನಡುವೆ ಬೇಡ, ಕಾಲಿನ ನೇರಕ್ಕೆ ಕೂರಿಸಿ. ಗ್ಯಾರೇಜಿನ ನೆಲ ಬಾಗಿಲ ಕಡೆ ಇಳಿಜಾರಿರುತ್ತದೆ, ನಾಲ್ಕು ಕಾಲನ್ನೂ ಬೇರೆ ಬೇರೆ ಅಳೆಯಿರಿ. ಎಲ್ಲ ಅವರಿಂದ ಕಲಿತದ್ದು. ಈಗ ಗಿರಾಕಿಗಳಿಗೆ ನನ್ನದೇ ವಿದ್ಯೆಯಂತೆ ಹೇಳುತ್ತೇನೆ.

ನಾಲ್ಕು ಸಲ ಗರಗಸ ಎಳೆದರೆ ಅವರಿಗೆ ಏದುಸಿರು. ಪೇಂಟ್ ಡಬ್ಬದ ಮೇಲೆ ಕೂತು, ಮುಂದಿನ ಗುರುತನ್ನು ಪೆನ್ಸಿಲಿನಲ್ಲಿ ತೋರಿಸುತ್ತಿದ್ದರು. ಕಾಲು ಕತ್ತರಿಸುವಾಗ ಕೊಟ್ಟ ಅಳತೆ ನೋಡಿದರೆ ತೀರ ತಗ್ಗು. ಆರಡಿಯ ಆಳು ನೀವು, ಬಗ್ಗಿ ಬಗ್ಗಿ ಸೊಂಟ ಹೋಗುತ್ತದೆ ಎಂದು ವಾದಕ್ಕೆ ನಿಂತೆ.

"ಇದು ನಂಗಲ್ರಿ," ಎಂದರು. "ಗಂಗಾನ ಮೊಣಕೈ ಅಳತಿ."

ನಾನು ಆ ಗುರುತಿಗೇ ಗರಗಸ ಇಟ್ಟೆ.

ಹದಿನೆಂಟರ ಗಂಗಾ ಅಪ್ಪನಿಗಿಂತ ಚೆನ್ನಾಗಿ ಗುರಿ ಹೊಡೆಯುತ್ತಿದ್ದಳು. ಆದರೆ ಅಪ್ಪ ಇಲ್ಲದೆ ಇನ್ನು ಕ್ಲಬ್ಬಿಗೆ ಕಾಲಿಡುವುದಿಲ್ಲ ಎಂದು ತಾಯಿಗೆ ಹೇಳಿದ್ದಳಂತೆ. ಅದು ಇವರ ಕಿವಿಗೂ ಬಿದ್ದಿತ್ತು. ಅವಳು ತುಂಬಿದ ಒಂದೊಂದು ತೋಟಾವನ್ನೂ ಕನ್ನಡಕ ಏರಿಸಿ ಪರೀಕ್ಷಿಸದೆ ಬಿಟ್ಟವರಲ್ಲ ಈರಣ್ಣ. ಅದಕ್ಕಾಗಿ ಅಪ್ಪ ಮಗಳಿಗೆ ಜಗಳವೂ ಆಗುತ್ತಿತ್ತು.

ಬೆಂಚು ಮುಗಿದ ಹೊತ್ತಿಗೆ ಅವರಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಕುರ್ಚಿ ಹಾಕಿ ಕೂರಿಸಿ, ಶಾಲು ಹೊದಿಸಿದೆವು. ಗಂಗಾ ಹಿಡಿಕೆ ಎಳೆದಳು. ಬೆಂಚು ಮಿಸುಕಲಿಲ್ಲ. ಮೊದಲ ತೋಟಾ ಮುಗಿಸಿ, ಅಂಗೈಯಲ್ಲಿಟ್ಟುಕೊಂಡು ಅವರ ಮುಂದೆ ಬಂದಳು.

"ಡ್ಯಾಡ್, ಚೆಕ್ ಮಾಡಿ."

"ನೀನ ನೋಡವಾ."

"ಡ್ಯಾಡ್, ಪ್ಲೀಸ್."

ಈರಣ್ಣ ಕಣ್ಣು ಮುಚ್ಚಿಕೊಂಡರು. ನಿದ್ದೆಯಲ್ಲ, ನಾನೇನೋ ಹೇಳಲು ಬಾಯಿ ತೆರೆದಾಗ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಹುಡುಗಿ ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿದಳು. ಆಮೇಲೆ ದೀಪದ ಕೆಳಗೆ ಹೋಗಿ, ತೋಟಾವನ್ನು ತಿರುಗಿಸಿ ತಿರುಗಿಸಿ, ಅಳತೆ ಹಿಡಿದು, ತಾನೇ ನೋಡಿದಳು. ಮೂಗು ಒರೆಸಿಕೊಂಡು ಅದನ್ನು ಡಬ್ಬಿಗೆ ಹಾಕಿ, ಇನ್ನೊಂದು ಕೈಗೆತ್ತಿಕೊಂಡಳು.

ಆ ವಾರವೇ ಈರಣ್ಣ ಹೋದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ಹಾಗೆ: ತಲೆ ತುಸು ವಾಲಿಸಿ, ಮಗಳು ಹಿಡಿಕೆ ಎಳೆಯುವ ಸದ್ದನ್ನು ಕೇಳುತ್ತ. ಮುಚ್ಚಿದ ಕಣ್ಣುಗಳಿಂದ ನೀರಿಳಿಯುತ್ತಿತ್ತು. ಅವಳು ತಿರುಗಿ ನೋಡಲಿಲ್ಲ.