ಮೂರು ಶೆಡ್ಡು, ಒಂದು ಹಾರ್ಡ್ ಡಿಸ್ಕು

ಎರಡು ಸಾವಿರ ರೂಪಾಯಿ ಕೊಟ್ಟೆ. ಚೌಕಾಸಿ ಮಾಡದೆ ಕೊಟ್ಟೆ. (ನನ್ನನ್ನು ಬಲ್ಲವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ.) ಯಾಕೆ? ಕಳೆದುಹೋದ ಜಾಗ ಹುಡುಕಿಕೊಟ್ಟದ್ದಕ್ಕೆ. ದೇವನಹಳ್ಳಿ ಕಡೆ ಜಾಗ ಅಂದ ಕೂಡಲೇ ‘ಎಷ್ಟು ಗುಂಟೆ?’ ಅನ್ನುತ್ತಾರೆ. ಇದು ಕಂಪ್ಯೂಟರಿನೊಳಗಿನ ಜಾಗ ಸ್ವಾಮಿ!

ಏರ್‌ಪೋರ್ಟ್ ರಸ್ತೆ ಬದಿಯಲ್ಲಿ ನನ್ನದೊಂದು ವೇ ಬ್ರಿಡ್ಜ್ ಇದೆ. ಜಲ್ಲಿ, ಮಣ್ಣಿನ ಲಾರಿಗಳು ತೂಗಿಸಿಕೊಂಡು ಚೀಟಿ ಪಡೆದು ಹೋಗುತ್ತವೆ. ಪ್ರತಿ ತೂಕವೂ ಕಂಪ್ಯೂಟರಿನ ಒಂದೇ ದೊಡ್ಡ ಪಟ್ಟಿಯಲ್ಲಿ ಕೂರುತ್ತದೆ. ಅದಕ್ಕೆ ಟೇಬಲ್ ಅನ್ನುತ್ತಾರೆ. ಹೋದ ವಾರ ಕರೆಂಟು ಹೋಗಿ ಬಂದು ಆ ಟೇಬಲ್ ಕೆಟ್ಟಿತು. ಕಂಪ್ಯೂಟರಿನಲ್ಲೇ ಇರುವ ರಿಪೇರಿ ಬಟನ್ ಒತ್ತಿದೆ. ಆಯಿತು. ಮಾರನೇ ದಿನವೇ ಡಿಸ್ಕ್ ಫುಲ್! ಚೀಟಿ ಬರುತ್ತಿಲ್ಲ. ಗೇಟಿನಿಂದ ರಸ್ತೆಯವರೆಗೆ ಲಾರಿ.

“ಏನಣ್ಣಾ, ಒಂದು ಟೇಬಲ್ ರಿಪೇರಿಗೆ ಇಷ್ಟೊತ್ತಾ? ನಮ್ಮೂರ ಆಚಾರಿನ ಕರ್ಕೊಂಡ್ ಬರ್ಲಾ?” ಆವತಿಯ ಡ್ರೈವರ್ ಮುನಿರಾಜು ಸೀಟಿನಿಂದಲೇ ಕಿಚಾಯಿಸಿದ.

ಕಂಪ್ಯೂಟರ್ ಅಂಗಡಿಯವನು ಫೋನಿನಲ್ಲೇ ತೀರ್ಪು ಕೊಟ್ಟ: “ಹಳೇ ತೂಕ ಎಲ್ಲಾ ಡಿಲೀಟ್ ಮಾಡಿ ಸಾರ್. ಇಲ್ಲಾಂದ್ರೆ ಹೊಸ ಮಿಷಿನ್ ತಗೊಳ್ಳಿ.”

ಹಳೇ ತೂಕ ಹೋದರೆ ನನ್ನ ಹತ್ತಿರ ಉಳಿಯುವುದೇನು? ಲೋಡು ಕಡಿಮೆ ಬಂತೆಂದು ಜಗಳವಾದರೆ ಎರಡೂ ಕಡೆಯವರು ಓಡಿ ಬರುವುದು ಆ ಪಟ್ಟಿ ನೋಡಲಿಕ್ಕೇ.

ಆಗ ಕರೆಸಿದ್ದು ದೊಡ್ಡಬೆಳವಂಗಲದ ಸವಿತಾಳನ್ನು. ಫ್ಯಾಕ್ಟರಿಗಳ ಕಂಪ್ಯೂಟರ್ ನೋಡಿಕೊಳ್ಳುವ ಹೆಣ್ಣುಮಗಳು. ಬಂದವಳು ಏನನ್ನೂ ಅಳಿಸಲಿಲ್ಲ. ಫೈಲುಗಳನ್ನು ಗಾತ್ರದ ಪ್ರಕಾರ ಸಾಲಾಗಿ ನಿಲ್ಲಿಸಿದಳು.

“ಅಣ್ಣಾ, ರಿಪೇರಿ ನಡೀವಾಗ ಮಧ್ಯದಲ್ಲಿ ಸ್ವಿಚ್ ಆಫ್ ಮಾಡಿದ್ರಾ?”

“ಒಂದ್ಸಲ.”

ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದಳು. “ಮೂರು ಸಲ.”

ಹೌದು. ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ, ಇದು ನಿಂತೇ ಹೋಗಿದೆ ಅಂದುಕೊಂಡು ಆರಿಸಿ ಮತ್ತೆ ಮೊದಲಿಂದ ಶುರು ಮಾಡಿದ್ದೆ. ಮುಗಿದದ್ದು ನಾಲ್ಕನೇ ಸಲಕ್ಕೆ.

“ಹಳೇ ಮನೆ ಕೆಡವಿ ಕಟ್ಟೋವಾಗ ಪಕ್ಕದಲ್ಲಿ ಶೆಡ್ ಹಾಕ್ಕೊಂಡು ಸಾಮಾನೆಲ್ಲ ಸಾಗಿಸ್ತೀವಲ್ಲ, ಇದೂ ಹಂಗೇ. ಪಟ್ಟಿನೆಲ್ಲ ಪಕ್ಕದಲ್ಲಿ ನಕಲು ಮಾಡ್ಕೊಂಡು ರಿಪೇರಿ ಮಾಡತ್ತೆ. ಮುಗಿದ್ರೆ ಶೆಡ್ ತಾನೇ ಕಿತ್ತಾಕತ್ತೆ. ನಡುವೆ ಆರಿಸಿದ್ರೆ ಶೆಡ್ ಅಲ್ಲೇ ನಿಂತ್ಬಿಡತ್ತೆ. ನಿಮ್ಮದು ಮೂರು ಶೆಡ್ ಐತೆ. ಬಾಡಿಗೆನೂ ಬರಲ್ಲ!”

“ಕಿತ್ತಾಕು ತಾಯಿ” ಎಂದೆ. ಕೀಳಲಿಲ್ಲ! ಇಡೀ ಪಟ್ಟಿಯನ್ನು ಮೊದಲು ಬೇರೆ ಡಿಸ್ಕಿಗೆ ತುಂಬಿಕೊಂಡಳು. ಮೊದಲ ವರ್ಷದ್ದೊಂದು, ಮೊನ್ನೆಯದೊಂದು ತೂಕ ತೆರೆದು, ನನ್ನ ಹತ್ತಿರ ಉಳಿದಿದ್ದ ಒಂದೆರಡು ಕಾರ್ಬನ್ ಪ್ರತಿಗಳ ಜೊತೆ ತಾಳೆ ನೋಡಿದಳು. ಆಮೇಲೆ ಮೂರೂ ಶೆಡ್ಡು ನೆಲಸಮ. ಅರ್ಧ ಡಿಸ್ಕು ಖಾಲಿ. ಪ್ರಿಂಟರು ಕಿರ್ರೆಂದು ಚೀಟಿ ಉಗುಳಿತು.

ಹೊಸ ಮಿಷಿನ್ ನನ್ನ ತಲೆಗೆ ಕಟ್ಟುವುದು ಅವಳಿಗೆ ಎಷ್ಟು ಸುಲಭವಿತ್ತು! ಕಟ್ಟಲಿಲ್ಲ. ಅಂಥವರ ಮುಂದೆ ಚೌಕಾಸಿ ಮಾಡುವುದು ಜಾಣತನವಲ್ಲ, ಮುಂದಿನ ಸಲ ಅವರು ಬರದಂತೆ ಮಾಡಿಕೊಳ್ಳುವ ದಾರಿ.

ಅಂಗಡಿಯಲ್ಲೋ ಗೋಡೌನಿನಲ್ಲೋ ಕಂಪ್ಯೂಟರ್ ಇಟ್ಟವರಿಗೆ ನನ್ನ ಮಾತಿಷ್ಟು. ಜಾಗ ಸಾಲದು ಎಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ, ಜಾಗ ತಿಂದಿರುವ ಫೈಲು ಯಾವುದೆಂದು ನೋಡಿಸಿ. ನಕಲು ಇಟ್ಟುಕೊಳ್ಳದೆ ಏನನ್ನೂ ಅಳಿಸಬೇಡಿ. ಮತ್ತೆ, ರಿಪೇರಿ ನಡೆಯುವಾಗ ಸ್ವಿಚ್ಚಿನ ಹತ್ತಿರ ಯಾರನ್ನೂ ಬಿಡಬೇಡಿ. ಮುಖ್ಯವಾಗಿ, ಮಾಲೀಕರನ್ನು.