ಕಣ್ಣೊಳಗೆ ನಿಂತವನು

ಸತ್ತವರ ಫೋಟೊ ತೆಗೆಯುವಾಗಲೂ ನನ್ನ ಬಾಯಿಗೆ ಬುದ್ಧಿ ಇರುವುದಿಲ್ಲ. ‘ಅವ್ವಾರ, ಮಾರಿ ಸ್ವಲ್ಪ ಮ್ಯಾಲ ಮಾಡ್ರಿ’ ಎಂದುಬಿಡುತ್ತೇನೆ. ಮದುವೆ, ಕುಬಸ, ಜವಳ, ಸಾಲಿಯ ಗ್ರೂಪ್ ಫೋಟೊ ಅಂತ ಎಲ್ಲ ಕಡೆ ಹೇಳಿ ಹೇಳಿ ನಾಲಿಗೆಗೆ ಕೂತುಬಿಟ್ಟ ಮಾತು ಅದು. ಅಳುತ್ತಿದ್ದವರು ಅಳು ನಿಲ್ಲಿಸಿ ನನ್ನನ್ನು ನೋಡುತ್ತಾರೆ. ಆಮೇಲೆ ಹೆಣದ ಕಡೆ ತಿರುಗುತ್ತಾರೆ, ಅದು ಎಲ್ಲಿ ಮಾರಿ ಎತ್ತುತ್ತದೋ ಎಂದು. ನಿಜ ಹೇಳಬೇಕೆಂದರೆ ನಾನೂ ಅಷ್ಟು ಹೊತ್ತು ಉಸಿರು ಬಿಗಿಹಿಡಿದೇ ನಿಂತಿರುತ್ತೇನೆ.

ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ತಲೆ ವಾಲಬಾರದೆಂದು ಹಿಂದೆ ಬಟ್ಟೆ ಕಟ್ಟಿರುತ್ತಾರೆ. ಆ ಗಂಟು ಫೋಟೊದಲ್ಲಿ ಕಾಣದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಲಗಿದ ಹೆಣ ಬೇರೆ, ಕುಂತ ಹೆಣ ಬೇರೆ. ಕುಂತದ್ದು ಬಂದವರ ಮಾತನ್ನೆಲ್ಲ ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿರುತ್ತದೆ. ಅದರ ಮುಂದೆ ಮಂಡಿಯೂರಿ ಕ್ಯಾಮೆರಾ ಹಿಡಿದರೆ ಇಂದಿಗೂ ನನ್ನ ಬೆನ್ನು ತಣ್ಣಗಾಗುತ್ತದೆ. ಹೆದರಿಕೆಯೇ ಅದು. ಹೆದರಿಕೆ ಇಲ್ಲ ಅನ್ನುವ ಫೋಟೊಗ್ರಾಫರ್ ಯಾವನಾದರೂ ಇದ್ದರೆ ಅವನು ಸುಳ್ಳು ಹೇಳುತ್ತಿದ್ದಾನೆ, ಅಷ್ಟೇ.

ನನ್ನ ಸ್ಟುಡಿಯೊ ಇರುವುದು ಇಳಕಲ್ಲಿನಲ್ಲಿ. ಬೆಳಿಗ್ಗೆ ಪಾಸ್‌ಪೋರ್ಟ್ ಫೋಟೊದವರು ಬರುತ್ತಾರೆ, ಮಧ್ಯಾಹ್ನ ಸೀರೆ ಅಂಗಡಿಯವರು ಕರೆಯುತ್ತಾರೆ. ಲಗ್ನದ ಕಾಲದಲ್ಲಿ ಜೋಡಿಗಳನ್ನು ಬಾದಾಮಿಗೆ ಕರೆದೊಯ್ದು ಹೊಂಡದ ಮೆಟ್ಟಿಲ ಮೇಲೆ ನಿಲ್ಲಿಸುತ್ತೇನೆ. ‘ಲೇ, ನನ್ನ ಯಾಕ ನೋಡ್ತಿ? ನೀ ಲಗ್ನ ಆಗಾಕಿ ಆ ಕಡಿ ನಿಂತಾಳ’ ಎಂದು ಹುಡುಗನನ್ನು ಬೈಯುವುದೂ ಆ ಕೆಲಸದಲ್ಲೇ ಸೇರಿದೆ. ರವಿವಾರ ಮಾತ್ರ ನನ್ನದು. ಮಸಕಿನಲ್ಲೇ ಎದ್ದು ಐಹೊಳೆಗೆ ಹೋಗುತ್ತೇನೆ, ಮುಖ ಸವೆದುಹೋದ ಮೂರ್ತಿಗಳ ಫೋಟೊ ತೆಗೆಯಲು. ಚೆಂದ ಉಳಿದವುಗಳನ್ನು ಎಲ್ಲರೂ ತೆಗೆಯುತ್ತಾರೆ, ಅವು ನನಗೆ ಬೇಡ. ಮೂಗಿಲ್ಲದ, ಕಣ್ಣಿಲ್ಲದ ಒಂದು ಕಲ್ಲಿನ ಮುಂದೆ ಕಾಯುತ್ತ ಕೂತರೆ, ಬಿಸಿಲು ಅಡ್ಡ ಬಿದ್ದ ಹೊತ್ತಿನಲ್ಲಿ ಇಲ್ಲದ ಕಣ್ಣು ತೆರೆದುಕೊಳ್ಳುತ್ತದೆ. ಬಿಸಿಲು ಸರಿದರೆ ಮತ್ತೆ ಬರೀ ಕಲ್ಲು. ನನ್ನ ಹೆಂಡತಿಗೆ ಈ ಹುಚ್ಚು ತಿಳಿಯುವುದಿಲ್ಲ. ‘ಮಂದಿ ಮಾರಿ ಸಾಲದಂತ ಕಲ್ಲಿನ ಮಾರಿ ಬ್ಯಾರೆ ಬೇಕೇನ್ರಿ ನಿಮಗ?’ ಎನ್ನುತ್ತಾಳೆ. ನಾನು ಚಹಾ ಕುಡಿದು ಬೈಕ್ ಹತ್ತುತ್ತೇನೆ.

ಹೆಣದ ಫೋಟೊ ತೆಗೆದರೆ ಕೆಲಸ ಮುಗಿಯುವುದಿಲ್ಲ. ಕಣ್ಣು ಮುಚ್ಚಿದ ಫೋಟೊವನ್ನು ಪಡಸಾಲೆಯಲ್ಲಿ ಯಾರೂ ತೂಗುಹಾಕುವುದಿಲ್ಲ. ಕಣ್ಣು ತೆರೆಸಿಕೊಡಿ ಎನ್ನುತ್ತಾರೆ. ಹಳೆಯ ಫೋಟೊ ಇದ್ದರೆ ಅದರಿಂದ ಕಣ್ಣು ತೆಗೆದು ಕೂಡಿಸುತ್ತೇನೆ. ಇಲ್ಲದಿದ್ದರೆ ನನ್ನ ಕಂಪ್ಯೂಟರಿನಲ್ಲಿ ‘ಕಣ್ಣು’ ಎಂಬ ಫೋಲ್ಡರ್ ಇದೆ. ಫೋಟೊಕ್ಕೆಂದು ಬಂದವರ ಕಣ್ಣುಗಳನ್ನು ಅಷ್ಟಷ್ಟೇ ಕತ್ತರಿಸಿ ಇಟ್ಟುಕೊಂಡದ್ದು. ಹುನಗುಂದದ ಒಬ್ಬ ನಿವೃತ್ತ ಮಾಸ್ತರರ ಕಣ್ಣು ಈಗ ಬೇರೆ ಊರಿನ ಸತ್ತ ಗೌಡರೊಬ್ಬರ ಮುಖದಲ್ಲಿದೆ. ಮಾಸ್ತರರು ಗಟ್ಟಿಮುಟ್ಟಾಗಿದ್ದಾರೆ, ಸಂತೆಯಲ್ಲಿ ಸಿಕ್ಕರೆ ನಮಸ್ಕಾರ ಮಾಡುತ್ತಾರೆ. ತಮ್ಮ ಕಣ್ಣು ಮಾಲೆ ಹಾಕಿಸಿಕೊಂಡು ಗೋಡೆಯ ಮೇಲೆ ಕೂತದ್ದು ಅವರಿಗೆ ಗೊತ್ತಿಲ್ಲ.

ನನಗೆ ಈ ವಿದ್ಯೆ ಕಲಿಸಿದ ಮುದುಕರು ಪೆನ್ಸಿಲ್ಲಿನಿಂದ ನೆಗೆಟಿವ್ ಮೇಲೆ ಕಣ್ಣು ಬರೆಯುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಕಣ್ಣು ಕಟ್ಟಕಡೆಗೆ, ಅದೂ ಮನೆಯವರನ್ನು ಎದುರಿಗೆ ಕೂಡಿಸಿಕೊಂಡು. ‘ಮದಲಿನ ನೋಟ ಅವರ ಮ್ಯಾಲ ಬೀಳಬೇಕಪಾ, ನಮ್ಮ ಮ್ಯಾಲ ಬೀಳಬಾರದು’ ಎನ್ನುತ್ತಿದ್ದರು. ಕಂಪ್ಯೂಟರ್ ಬಂದ ಮೇಲೂ ನಾನದನ್ನು ಬಿಟ್ಟಿಲ್ಲ. ನಂಬಿಕೆ ಇದೆಯೋ ಇಲ್ಲವೋ ಎಂದು ಕೇಳಬೇಡಿ. ಬಿಡುವ ಧೈರ್ಯ ಇಲ್ಲ.

ಅಮೀನಗಡದ ಹತ್ತಿರದ ಒಂದು ಹಳ್ಳಿಯಿಂದ ಕರೆ ಬಂತು. ಮುದುಕಿಯೊಬ್ಬಳು ತೀರಿಕೊಂಡಿದ್ದಳು. ಬೈಕಿನಲ್ಲಿ ಹೋದೆ. ಸಣ್ಣ ಮನೆ, ಬಾಗಿಲ ಹತ್ತಿರ ಹೊಲಿಗೆ ಮಷಿನ್ನು, ಗೋಡೆಗೆ ಆನಿಸಿ ಕೂಡಿಸಿದ ಮುದುಕಿ. ರೆಪ್ಪೆಗಳು ಒಳಗೆ ಇಳಿದುಹೋಗಿದ್ದವು. ಎಂದಿನಂತೆ ನನ್ನ ನಾಲಿಗೆ ಜಾರಿತು. ‘ಅವ್ವಾರ, ಇತ್ಲಾಗ ನೋಡ್ರಿ’ ಎಂದೆ. ಅಷ್ಟಕ್ಕೇ ಹೆಣದ ಪಕ್ಕ ಕೂತಿದ್ದ ಮಗಳು ಗಟ್ಟಿಯಾಗಿ ಅತ್ತುಬಿಟ್ಟಳು. ನಾನು ನಾಲಿಗೆ ಕಚ್ಚಿಕೊಂಡೆ.

ದಿನಕರ್ಮ ಮುಗಿಸಿ ಆ ಮಗಳು ಸ್ಟುಡಿಯೊಗೆ ಬಂದಳು. ರವಿಕೆ ಹೊಲಿದು ಬದುಕುವಾಕೆ, ನನಗಿಂತ ಸ್ವಲ್ಪ ಸಣ್ಣವಳಿರಬೇಕು. ಸೆರಗನ್ನು ಎಡಗೆನ್ನೆಯ ಮೇಲೆ ಹಿಡಿದುಕೊಂಡೇ ಕೂತಳು.

‘ಅಣ್ಣಾರ, ಅವ್ವನ ಕಣ್ಣು ತೆರಸಬೇಕ್ರಿ.’

‘ತೆರಸೂಣ್ರಿ ಅಕ್ಕಾರ. ಹಳೆ ಫೋಟೊ ಇದ್ರ ಕೊಡ್ರಿ. ಆಧಾರ್ ಕಾರ್ಡಿಂದಾದ್ರೂ ನಡೀತೈತಿ.’

‘ಅದರಾಗೂ ಮುಚ್ಚೇ ಅದಾವ್ರಿ. ನಾ ಹುಟ್ಟೂಕಿಂತ ಮದ್ಲ ಸಿಡುಬು ಬಂದು ಹೋಗಿದ್ವು.’

ನಾನಾಡಿದ ಮಾತಿಗೆ ಆಕೆ ಯಾಕೆ ಅತ್ತಳೆಂಬುದು ಆಗ ತಿಳಿಯಿತು. ಹಂಗಾದರೆ ಮುಚ್ಚಿದ್ದೇ ಇರಲಿ ಬಿಡಿ, ನೀವು ಕಂಡ ತಾಯಿ ಹಾಗೇ ಅಲ್ಲವೇ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿ ಸೆರಗು ತೆಗೆದಳು. ಎಡಗಣ್ಣಿನ ಕೆಳಗಿನಿಂದ ಗದ್ದದವರೆಗೆ ತೊನ್ನು, ಸುಣ್ಣ ಬಳಿದಂತೆ ಬೆಳ್ಳಗೆ.

‘ಇದು ಕೈ ಆಡಿಸಿದ್ರ ಗೊತ್ತಾಗಂಗಿಲ್ರಿ’ ಎಂದಳು. ‘ಆಕಿ ದಿನಾ ನನ್ನ ಮಾರಿ ಸವರತಿದ್ಲು. ನನ್ನ ಮಗಳು ಬಂಗಾರದ ಗೊಂಬಿ ಅಂತಿದ್ಲು. ನೋಡಾಕ ಬಂದವರು ಯಾಕ ಹೊಳ್ಳಿ ಹೋದ್ರು ಅಂತ ಸಾಯೂತನಾ ತಿಳೀಲಿಲ್ಲ ಆಕಿಗೆ.’

‘ಯಾರೂ ಹೇಳಲಿಲ್ಲೇನ್ರಿ?’

‘ಓಣಿ ಮಂದಿಗೆಲ್ಲಾ ಕೈ ಮುಗದಿದ್ದೆ, ಹೇಳಬ್ಯಾಡ್ರಿ ಅಂತ. ಈಗ ಅನಸ್ತೈತಿ, ನನ್ನ ಅವ್ವ ಯಾರನ್ನೋ ಮಗಳು ಅಂದ್ಕೊಂಡು ಸತ್ಲು. ನನ್ನಲ್ಲ. ಒಮ್ಮಿ ನೋಡ್ಲಿ ಅಣ್ಣಾರ. ಇದ್ದದ್ದು ಇದ್ದಂಗ ನೋಡ್ಲಿ.’

ಆಕೆಯನ್ನು ಕಂಪ್ಯೂಟರಿನ ಎದುರು ಕೂಡಿಸಿ ಫೋಲ್ಡರ್ ತೆರೆದೆ. ಮುದುಕಿಯ ವಯಸ್ಸಿಗೆ ಹೊಂದುವ ಒಂದು ಜೋಡಿ ಕಣ್ಣು ಆರಿಸಿ, ದೊಡ್ಡದು ಮಾಡಿ ತೋರಿಸಿದೆ. ಹೊಲಿಗೆಯವಳ ಕಣ್ಣು ಸೂಕ್ಷ್ಮ. ಪರದೆಯ ಹತ್ತಿರ ಬಗ್ಗಿದಳು.

‘ಇದರಾಗ ಯಾರೋ ನಿಂತಾರಲ್ರಿ.’

ಎಲ್ಲಿ ಎಂದು ಇನ್ನಷ್ಟು ದೊಡ್ಡದು ಮಾಡಿದೆ. ಕಪ್ಪು ಪಾಪೆಯ ನಡುವೆ, ಎರಡು ಲೈಟುಗಳ ಮಧ್ಯೆ, ಅಕ್ಕಿಕಾಳಿನಷ್ಟು ಸಣ್ಣಗೆ ಒಬ್ಬ ಮನುಷ್ಯ ನಿಂತಿದ್ದ. ಮುಖದ ಜಾಗದಲ್ಲಿ ಕ್ಯಾಮೆರಾ. ನಾನೇ. ಎದುರಿಗೆ ನಿಂತು ಫೋಟೊ ಹೊಡೆದವನು ಕಣ್ಣಲ್ಲಿ ಮೂಡುವುದು ಸಹಜ, ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಎಂದೂ ಹಾಗೆ ನೋಡಿರಲಿಲ್ಲ. ಇನ್ನೊಂದು ಜೋಡಿ ತೆರೆದೆ. ಅಲ್ಲೂ ನಾನು. ಮಾಸ್ತರರ ಕಣ್ಣು ತೆರೆದೆ. ಅದರಲ್ಲೂ ಅದೇ ಮುಖವಿಲ್ಲದ ಮನುಷ್ಯ, ಅದೇ ನಿಲುವು.

ಅಯ್ಯೋ ಶಿವನೇ ಎಂದು ಬಾಯಿಬಿಟ್ಟು ಅಂದೆ. ಕೂಡಲಸಂಗಮದಿಂದ ಬಾಗಲಕೋಟೆಯವರೆಗೆ ಎಷ್ಟು ಪಡಸಾಲೆಗಳು, ಎಷ್ಟು ಗೋಡೆಗಳು! ಅಲ್ಲಿನ ಜನ ಊದಿನಕಡ್ಡಿ ಹಚ್ಚಿ ಕೈಮುಗಿಯುವಾಗ ಸತ್ತವರು ಅವರನ್ನು ನೋಡುತ್ತಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದಾರೆ. ಗುರುಗಳ ಮಾತು ಪಾಲಿಸಿದ್ದೇನೆ ಅಂದುಕೊಂಡಿದ್ದೆ. ಮೊದಲ ನೋಟವಷ್ಟೇ ಏನು, ಇರುವ ನೋಟವೆಲ್ಲ ನನ್ನ ಮೇಲೆಯೇ ಬಿದ್ದಿತ್ತು. ನಡುಹಗಲು, ಹೊರಗೆ ಟಂಟಂ ಗಾಡಿಗಳ ಗದ್ದಲ, ನನಗೆ ಮಾತ್ರ ಕುರ್ಚಿಯ ಹಿಂದೆ ಮಂದಿ ತುಂಬಿ ನಿಂತಂತೆ ಅನಿಸಿ ತಿರುಗಿ ನೋಡಿದೆ.

ಆಕೆಗೆ ನನ್ನ ಹೆದರಿಕೆ ಯಾಕೆ ಬೇಕು? ತನ್ನ ಚಿಂತೆ ತನಗೆ.

‘ಹಂಗಾರ ಅವ್ವ ನಿಮ್ಮನ್ನ ನೋಡ್ತಾಳ. ನನ್ನ ನೋಡಂಗಿಲ್ಲ.’

‘ಹೌದ್ರಿ’ ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಫೋಲ್ಡರ್ ಮುಚ್ಚಿದೆ. ಆಮೇಲೆ ನನಗೆ ಹೊಳೆಯಿತು. ಮದುಮಕ್ಕಳು ಪೌಡರ್ ಹಚ್ಚಿಕೊಳ್ಳುವ ಮೂಲೆಯಲ್ಲಿ ಆಳೆತ್ತರದ ಕನ್ನಡಿ ಇದೆ. ‘ಅಕ್ಕಾರ, ನಿಮ್ಮ ಕಣ್ಣು ನಿಮ್ಮವ್ವ ಕೊಟ್ಟದ್ದ. ಅವನ್ನ ಹಾಕೂಣು. ಕನ್ನಡಿ ಮುಂದ ನಿಂದರ್ರಿ, ನಾ ಬಾಜೂಕ ನಿಂತು ಹೊಡಿತೇನಿ. ಆಗ ಕಣ್ಣಾಗ ನಾ ಇರಂಗಿಲ್ಲ, ನೀವ ಇರ್ತೀರಿ.’

ಆಕೆ ಎದ್ದು ಹೋಗಿ ನಿಂತಳು, ಆದರೆ ನೋಟ ಎತ್ತಲಿಲ್ಲ. ತಮ್ಮ ಮನೆಯಲ್ಲಿ ಕನ್ನಡಿಯೇ ಇಲ್ಲವೆಂದಳು. ಕಣ್ಣಿಲ್ಲದ ತಾಯಿಗೆ ಅದು ಬೇಕಿರಲಿಲ್ಲ, ಈಕೆ ತರಲಿಲ್ಲ.

‘ಹೆಂಗ ನೋಡ್ಲಿರಿ?’

‘ನಿಮ್ಮವ್ವಗ ಒಮ್ಮಿಗೇ ಕಣ್ಣು ಬಂದು, ಮುಂದ ನೀವು ನಿಂತಿದ್ರ ಹೆಂಗ ನೋಡ್ತಿದ್ಲು? ಹಂಗ ನೋಡ್ರಿ.’

ಸೆರಗು ಬಿಟ್ಟಳು. ನಿಧಾನಕ್ಕೆ ತಲೆ ಎತ್ತಿದಳು. ಮೊದಲು ಮೋರೆ ಬಿಗಿದಿತ್ತು. ಆಮೇಲೆ ಹಣೆಯಿಂದ ಶುರುವಾಗಿ, ಕೆನ್ನೆಯವರೆಗೆ ಎಲ್ಲ ಸಡಿಲಾಗುತ್ತ ಬಂತು. ಕಣ್ಣು ಬೆಳ್ಳಗಿನ ಕೆನ್ನೆಯ ಮೇಲೆ ಬಂದು ನಿಂತಿತು, ಸರಿಯಲಿಲ್ಲ. ತನ್ನನ್ನು ತಾನು ಯಾರೂ ಹಾಗೆ ನೋಡಿಕೊಳ್ಳುವುದಿಲ್ಲ. ಕ್ಯಾಮೆರಾದ ಕಿಂಡಿಯಲ್ಲಿ ನನಗೆ ಕಂಡದ್ದು ವಯಸ್ಸಾದ ಒಬ್ಬ ಹೆಂಗಸು, ರವಿಕೆ ಹೊಲಿಯುವವಳಲ್ಲ. ಆ ಹೊತ್ತು ನನ್ನ ನಾಲಿಗೆ ಒಂದೂ ಮಾತಾಡಲಿಲ್ಲ. ಒಂದಾದ ಮೇಲೊಂದು ಹೊಡೆಯುತ್ತಲೇ ಹೋದೆ.

ಹೆಣದ ಮುಖ ಸ್ವಲ್ಪ ವಾರೆಯಾಗಿತ್ತು, ಈ ಕಣ್ಣುಗಳೂ ವಾರೆ. ಸರಿಯಾಗಿ ಕೂಡಿದವು. ಬಣ್ಣ ಹೊಂದಿಸಿ, ಸುಕ್ಕು ಕೂಡಿಸಿ, ಪರದೆಯನ್ನು ಆಕೆಯ ಕಡೆ ಪೂರ್ತಿ ತಿರುಗಿಸಿ ಕಡೆಯ ಗುಂಡಿ ಒತ್ತಿದೆ. ನಾನು ಬದಿಯಿಂದಷ್ಟೇ ನೋಡಿದೆ. ಗೋಡೆಗೆ ಒರಗಿ ಕೂತ ಮುದುಕಿ ಕಣ್ಣು ಬಿಟ್ಟಿದ್ದಳು. ಮಗಳನ್ನು ನೋಡುತ್ತಿದ್ದಳು. ಪಾಪೆಯೊಳಗೆ ಸೆರಗು ಬಿಟ್ಟ ಸಣ್ಣ ಹೆಂಗಸೊಬ್ಬಳು ನಿಂತಿದ್ದಳು, ಇನ್ಯಾರೂ ಇರಲಿಲ್ಲ.

ಒಂದನ್ನು ನಾನು ಗಮನಿಸಿರಲಿಲ್ಲ. ಕನ್ನಡಿಯ ಮುಂದೆ ಆಕೆಯ ಕಣ್ಣು ತುಂಬಿದ್ದವು, ಅದು ಹಾಗೇ ಬಂದಿತ್ತು. ಸತ್ತವಳ ಕೆಳರೆಪ್ಪೆಯ ಅಂಚಿನಲ್ಲಿ ನೀರು ಹೊಳೆಯುತ್ತಿತ್ತು. ಇನ್ನೇನು ಕೆನ್ನೆಗೆ ಇಳಿಯುವಂತಿತ್ತು. ಅಳಿಸಿಬಿಡೋಣವೆಂದು ಮೌಸ್ ಹಿಡಿದೆ.

ಅಷ್ಟರಲ್ಲಿ ಆಕೆ ಮುಂದೆ ಬಗ್ಗಿ, ಸೆರಗಿನ ತುದಿಯಿಂದ ಪರದೆಯ ಗಾಜನ್ನು ಒರೆಸತೊಡಗಿದಳು, ಆ ಕಣ್ಣಿನ ಕೆಳಗೆ, ಮೆಲ್ಲಗೆ.

‘ಅಳಬ್ಯಾಡ ಯವ್ವಾ’ ಎಂದಳು. ‘ನೋಡಿದ್ಯಲ್ಲ, ಇಷ್ಟ ಐತಿ. ಮತ್ತೇನೂ ಆಗಿಲ್ಲ ನನಗ.’